ಕೌಂಟರಿನ ಆಚೆ ನಿಂತಿದ್ದವಳ ಹಾಡು

ಮ್ಯಾಂಚೆಸ್ಟರ್ ನಗರದ ದಕ್ಷಿಣಕ್ಕೆ, ರೈಲಿನಲ್ಲಿ ಅರ್ಧ ತಾಸಿನ ದಾರಿಯಲ್ಲಿ, ಮ್ಯಾಕಲ್ಸ್‌ಫೀಲ್ಡ್ ಎಂಬ ಊರಿದೆ. ಒಂದು ಕಾಲಕ್ಕೆ ರೇಷ್ಮೆ ಗಿರಣಿಗಳೇ ಅನ್ನ ಕೊಡುತ್ತಿದ್ದ ಊರು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಸರ್ಕಾರಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಇಪ್ಪತ್ತೆರಡರ ಆಸುಪಾಸಿನ ಒಬ್ಬ ನೌಕರನಿದ್ದ. ಹೆಸರು ಇಯಾನ್ ಕರ್ಟಿಸ್. ಅಂಗವಿಕಲರಿಗೆ, ದೀರ್ಘಕಾಲದ ಕಾಯಿಲೆಯವರಿಗೆ ತಕ್ಕ ಕೆಲಸ ಹುಡುಕಿಕೊಡುವ ಅಧಿಕಾರಿಯ ಸಹಾಯಕ. ಬಂದವರ ಕಷ್ಟ ಕೇಳುವುದು, ಕಾರ್ಖಾನೆಗಳಿಗೆ ಫೋನು ಮಾಡುವುದು, ಇಂಥವರಿದ್ದಾರೆ, ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸುವುದು ಅವನ ದಿನದ ಕೆಲಸ.

ಅವನ ಕೌಂಟರಿಗೆ ಒಬ್ಬ ತರುಣಿ ಬರುತ್ತಿದ್ದಳು. ಅವಳಿಗೆ ಮೂರ್ಛೆರೋಗ. ಫಿಟ್ಸ್ ಬರುವ ದಿನ ಕೆಲಸ ತಪ್ಪುತ್ತದೆ, ತಪ್ಪಿದರೆ ಕೆಲಸ ಹೋಗುತ್ತದೆ, ಹೋದರೆ ಮತ್ತೆ ಕಚೇರಿಗೆ ಬರಬೇಕು. ಹೀಗೆ ಬರುತ್ತಿದ್ದವಳು ಒಂದು ದಿನದಿಂದ ಕಾಣಿಸಲಿಲ್ಲ. ಎಲ್ಲೋ ಕೆಲಸ ಸಿಕ್ಕಿರಬೇಕು ಎಂದುಕೊಂಡ ಕರ್ಟಿಸ್. ಫಿಟ್ಸ್ ಬಂದು ಅವಳು ಸತ್ತುಹೋದಳು ಎಂಬುದು ಅವನಿಗೆ ಆಮೇಲೆ ತಿಳಿಯಿತು. ಕರ್ಟಿಸ್ ಹಾಡುತ್ತಿದ್ದ ವಾದ್ಯತಂಡದ ಗಿಟಾರ್ ವಾದಕ ಬರ್ನಾರ್ಡ್ ಸಮ್ನರ್ ಹೇಳಿರುವ ಪ್ರಕಾರ ‘ಶೀಸ್ ಲಾಸ್ಟ್ ಕಂಟ್ರೋಲ್’ ಎಂಬ ಹಾಡು ಹುಟ್ಟಿದ್ದು ಇಲ್ಲಿಂದ. ತನ್ನ ಮೈ ತನ್ನ ಹಿಡಿತಕ್ಕೆ ಸಿಗದೆ ಹೋದ ಒಬ್ಬಳ ಹಾಡು ಅದು.

ಜಗತ್ತಿನಾದ್ಯಂತ ಹುಡುಗರ ಎದೆಯ ಮೇಲೆ ಟೀಶರ್ಟ್ ಚಿತ್ರವಾಗಿ ತಿರುಗುವ ಒಂದು ಆಲ್ಬಮ್ ಇದೆ. ಕಪ್ಪು ಹಿನ್ನೆಲೆಯಲ್ಲಿ ಗುಡ್ಡಸಾಲಿನ ಹಾಗೆ ಕಾಣುವ ಬಿಳಿ ಗೆರೆಗಳು. ಬೀದರಿನ ಬಜಾರದಲ್ಲೂ ಆ ಗೆರೆಗಳ ಟೀಶರ್ಟ್ ಹಾಕಿಕೊಂಡವರನ್ನು ನೋಡಿದ್ದೇನೆ. ಅವು 1967ರಲ್ಲಿ ಪತ್ತೆಯಾದ ಮೊದಲ ಪಲ್ಸಾರ್ ನಕ್ಷತ್ರದ ರೇಡಿಯೊ ಮಿಡಿತಗಳ ನಕ್ಷೆ. ಪೀಟರ್ ಸ್ಯಾವಿಲ್ ಎಂಬ ವಿನ್ಯಾಸಕಾರ ಖಗೋಳ ವಿಶ್ವಕೋಶವೊಂದರಲ್ಲಿದ್ದ ಚಿತ್ರವನ್ನು ಹೊದಿಕೆಗೆ ಅಳವಡಿಸಿದ. ಆಲ್ಬಮ್ಮಿನ ಹೆಸರು ‘ಅನ್‌ನೋನ್ ಪ್ಲೆಷರ್ಸ್’, ಬಂದದ್ದು 1979ರ ಜೂನ್‌ನಲ್ಲಿ, ತಂಡ ಜಾಯ್ ಡಿವಿಷನ್. ಆ ತರುಣಿಯ ಹಾಡು ಇರುವುದು ಅದರೊಳಗೇ. ಚಿತ್ರ ಗೊತ್ತಿರುವಷ್ಟು ಜನಕ್ಕೆ ಅವಳ ಕತೆ ಗೊತ್ತಿಲ್ಲ, ಅದಕ್ಕೇ ಈ ಬರಹ.

ತಂಡದ ಹುಟ್ಟನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1976ರ ಜೂನ್ 4ರಂದು ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡ ಮ್ಯಾಂಚೆಸ್ಟರಿಗೆ ಬಂದು ಹಾಡಿತು. ಕೇಳಲು ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಸಮ್ನರ್ ಮತ್ತು ಪೀಟರ್ ಹುಕ್ ಎಂಬ ಬಾಲ್ಯ ಗೆಳೆಯರಿದ್ದರು. ನುಡಿಸಲು ಬರದವರೂ ವೇದಿಕೆ ಏರಬಹುದು ಎಂದು ಅಂದು ಅವರಿಗೆ ಹೊಳೆಯಿತು. ಹುಕ್ ಮರುದಿನವೇ ಬೇಸ್ ಗಿಟಾರ್ ಕೊಂಡುಕೊಂಡ. ಹಾಡಲು ಕರ್ಟಿಸ್ ಸೇರಿದ, ಡ್ರಮ್ಸ್‌ಗೆ ಮ್ಯಾಕಲ್ಸ್‌ಫೀಲ್ಡಿನವನೇ ಆದ ಸ್ಟೀಫನ್ ಮಾರಿಸ್ ಬಂದ. ಮೊದಲು ವಾರ್ಸಾ ಎಂದಿದ್ದ ಹೆಸರು 1978ರ ಆರಂಭದಲ್ಲಿ ಜಾಯ್ ಡಿವಿಷನ್ ಆಯಿತು. ಪಂಕ್ ಎಂದರೆ ಸಿಟ್ಟು, ವೇಗ, ಹೊರಗಿನ ಜಗತ್ತಿನ ಜೊತೆ ಜಗಳ. ಇವರು ಅದೇ ಹತ್ಯಾರ ಹಿಡಿದು ವೇಗ ತಗ್ಗಿಸಿದರು, ನಡುವೆ ಖಾಲಿ ಜಾಗ ಬಿಟ್ಟರು, ಸಿಟ್ಟನ್ನು ಒಳಕ್ಕೆ ತಿರುಗಿಸಿದರು. ಹೀಗೆ ಪಂಕ್ ಆದಮೇಲೆ ಹುಟ್ಟಿದ ಸಂಗೀತಕ್ಕೆ ಪೋಸ್ಟ್ ಪಂಕ್ ಎಂಬ ಹೆಸರು ಬಂತು.

ಕರ್ಟಿಸ್ ಮಾಡುತ್ತಿದ್ದ ನೌಕರಿಯ ಹಿಂದೆ ಒಂದು ಕಾಯ್ದೆಯಿತ್ತು. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಬ್ರಿಟನ್ ಅಂಗವಿಕಲರ ಉದ್ಯೋಗ ಕಾಯ್ದೆ ತಂದಿತು. ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ನೂರಕ್ಕೆ ಮೂವರು ನೋಂದಾಯಿತ ಅಂಗವಿಕಲರಿರಬೇಕು ಎಂದಿತು. ಲಿಫ್ಟ್ ನಡೆಸುವ ಕೆಲಸ, ಕಾರು ನಿಲ್ದಾಣ ಕಾಯುವ ಕೆಲಸ, ಈ ಎರಡನ್ನು ಅವರಿಗೇ ಮೀಸಲಿಟ್ಟಿತು. ಹೆಸರು ಬರೆಸಿದವರಿಗೆ ಹಸಿರು ಕಾರ್ಡು. ಕಾಗದದ ಮೇಲೆ ಒಳ್ಳೆಯ ಏರ್ಪಾಟು. ಆದರೆ ಕೈ ಇಲ್ಲದವನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪುವ ಮಾಲೀಕನೂ ಯಾವಾಗ ಬೀಳುತ್ತಾಳೋ ಗೊತ್ತಿಲ್ಲದವಳನ್ನು ಯಂತ್ರದ ಮುಂದೆ ನಿಲ್ಲಿಸಲು ಹೆದರುತ್ತಾನೆ. ಕೈಕಾಲು, ಕಣ್ಣು, ಮಾತು ಎಲ್ಲ ನೆಟ್ಟಗಿದ್ದವಳಿಗೆ ಏನು ರೋಗ ಎಂದು ನೋಡಿದವರಿಗೆ ಅನ್ನಿಸುತ್ತದೆ. ಬಿದ್ದ ದಿನ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ, ಮರುದಿನದಿಂದ ಕೆಲಸ ಇರುವುದಿಲ್ಲ.

ಬೀದರ್ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಔರಾದದಿಂದ ಬಸ್ಸು ಹಿಡಿದು, ಅಂಕಪಟ್ಟಿ, ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿಕೊಂಡು ಬರುವ ಮಕ್ಕಳಲ್ಲೂ ಇಂಥವರು ಇದ್ದೇ ಇರುತ್ತಾರೆ. ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅರ್ಜಿಯಲ್ಲಿ ಬರೆಯುವುದಿಲ್ಲ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತು. ನರಗಳ ದೀರ್ಘಕಾಲದ ಕಾಯಿಲೆಗಳ ಕೆಳಗೆ ಮಲ್ಟಿಪಲ್ ಸ್ಕ್ಲಿರೋಸಿಸ್, ಪಾರ್ಕಿನ್ಸನ್ಸ್ ಹೆಸರುಗಳಿವೆ. ಮೂರ್ಛೆರೋಗದ ಹೆಸರು ಅಲ್ಲಿ ಬಂದಿಲ್ಲ. ಬರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕೆಲಸ ಕಳೆದುಕೊಳ್ಳುವ ಭಯ ಇರುವವರೆಗೆ ಯಾರೂ ರೋಗದ ಹೆಸರು ಹೇಳಲಾರರು, ಹೇಳದಿದ್ದವರನ್ನು ಯಾವ ಕಾಯ್ದೆಯೂ ಕಾಯಲಾರದು.

ಹಾಡಿಗೆ ಬರೋಣ. ಧ್ವನಿಮುದ್ರಣ ನಡೆದದ್ದು ಸ್ಟಾಕ್‌ಪೋರ್ಟ್ ಊರಿನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ, 1979ರ ಏಪ್ರಿಲ್‌ನಲ್ಲಿ. ಮುದ್ರಿಸಿದವನು ಮಾರ್ಟಿನ್ ಹ್ಯಾನೆಟ್, ಶಬ್ದದ ವಿಚಾರದಲ್ಲಿ ಹಟಮಾರಿ. ಡ್ರಮ್ಮಿನ ಒಂದೊಂದು ಪೆಟ್ಟೂ ಬೇರೆಬೇರೆಯಾಗಿ, ಒಂದರ ಸದ್ದು ಇನ್ನೊಂದಕ್ಕೆ ತಾಗದಂತೆ ಇರಬೇಕು ಎಂಬುದು ಅವನ ಹಂಬಲ. ಹಾಡು ಶುರುವಾಗುವುದೇ ಆ ಪೆಟ್ಟಿನಿಂದ. ಹಲಗಿ ಕೇಳಿ ಬೆಳೆದ ಕಿವಿಗೆ ಅದು ವಿಚಿತ್ರವೆನ್ನಿಸುತ್ತದೆ. ನಮ್ಮ ಹಲಗಿಯ ಪೆಟ್ಟು ಮುಂದಿನ ಪೆಟ್ಟನ್ನು ಕರೆಯುತ್ತದೆ, ಕುಣಿಯುವವನ ಕಾಲನ್ನು ಕರೆಯುತ್ತದೆ. ಇಲ್ಲಿ ಪೆಟ್ಟು ಬಿದ್ದಲ್ಲೇ ನಿಂತುಬಿಡುತ್ತದೆ, ಪೆಟ್ಟುಗಳ ನಡುವೆ ಗಾಳಿಯಿಲ್ಲ. ಅದರ ಜೊತೆಗೆ ಉಸಿರು ಹೊರಬಿದ್ದ ಹಾಗೆ ಒಂದು ‘ಸ್ಸ್’ ಸದ್ದು. ಡಬ್ಬಿಯಿಂದ ಸ್ಪ್ರೇ ಒತ್ತಿ ತಾಳಕ್ಕೆ ಸರಿಯಾಗಿ ಮೈಕಿಗೆ ಹಿಡಿದು ಮಾರಿಸ್ ತೆಗೆದ ಸದ್ದದು.

ಅದರ ಮೇಲೆ ಹುಕ್‌ನ ಬೇಸ್ ಗಿಟಾರ್. ಬೇಸ್ ಎಂದರೆ ತಳದಲ್ಲಿ ಗುಂಯ್‌ಗುಡುವ ವಾದ್ಯ. ಹುಕ್ ಅದನ್ನು ಮೇಲಿನ ಸ್ವರಗಳಲ್ಲಿ ನುಡಿಸಿದ. ಅವನ ಬಳಿಯಿದ್ದ ಆಂಪ್ಲಿಫೈಯರ್ ಕಳಪೆಯದು, ತಳದ ಸ್ವರ ಸರಿಯಾಗಿ ಕೇಳುತ್ತಿರಲಿಲ್ಲ, ಮೇಲೆ ಹೋದರೆ ಮಾತ್ರ ತನ್ನ ವಾದ್ಯ ತನಗೆ ಕೇಳುತ್ತಿತ್ತು ಎಂದು ಅವನೇ ಹೇಳಿಕೊಂಡಿದ್ದಾನೆ. ಬಡತನದಿಂದ ಬಂದ ಆ ಅಭ್ಯಾಸವೇ ತಂಡದ ಗುರುತಾಯಿತು. ಈ ಹಾಡಿನಲ್ಲಿ ರಾಗ ಎಂಬುದೇನಿದೆ, ಅದೆಲ್ಲ ಬೇಸ್‌ನದು. ಗಿಟಾರ್ ನಡುನಡುವೆ ಬಂದು ಗೀಚಿ ಹೋಗುತ್ತದೆ. ಕರ್ಟಿಸ್ ಕೂಗುವುದಿಲ್ಲ, ಅಳುವುದಿಲ್ಲ. ಕಚೇರಿಯಲ್ಲಿ ವರದಿ ಓದುವವನ ಹಾಗೆ ದಪ್ಪ ಕಂಠದಲ್ಲಿ, ನೋಡಿದ್ದನ್ನು ನೋಡಿದಂತೆ ಹೇಳುತ್ತಾ ಹೋಗುತ್ತಾನೆ. ಹೇಳುವವನು ಕರುಣೆಯನ್ನು ಬಾಯಲ್ಲಿ ಹೇಳದ ಕಾರಣಕ್ಕೇ ಅದು ಕೇಳುವವರಲ್ಲಿ ಹುಟ್ಟುತ್ತದೆ. ಹಾಡಿನ ದೊಡ್ಡತನ ಇರುವುದು ಇಲ್ಲೇ ಎಂಬುದು ನನ್ನ ತೀರ್ಮಾನ.

ಆ ಹೊತ್ತಿಗೆ ಅವನ ಬದುಕಿನಲ್ಲಿ ಇನ್ನೊಂದು ನಡೆದುಹೋಗಿತ್ತು. 1978ರ ಡಿಸೆಂಬರ್ 27ರಂದು ತಂಡ ಲಂಡನ್ನಿನಲ್ಲಿ ಮೊದಲ ಸಲ ಹಾಡಿ ಕಾರಿನಲ್ಲಿ ಊರಿಗೆ ಮರಳುತ್ತಿತ್ತು. ದಾರಿಯಲ್ಲಿ ಕರ್ಟಿಸ್‌ಗೆ ದೊಡ್ಡ ಫಿಟ್ಸ್ ಬಂತು, ಆಸ್ಪತ್ರೆಗೆ ಸೇರಿಸಿದರು. 1979ರ ಜನವರಿ 23ರಂದು ಮೂರ್ಛೆರೋಗವೆಂದು ವೈದ್ಯರು ಹೇಳಿದರು. ಎಂಟು ದಿನ ಕಳೆದು, ಜನವರಿ 31ರಂದು, ಬಿಬಿಸಿ ರೇಡಿಯೊದ ಜಾನ್ ಪೀಲ್ ಕಾರ್ಯಕ್ರಮಕ್ಕೆ ತಂಡ ನಾಲ್ಕು ಹಾಡು ಮುದ್ರಿಸಿಕೊಟ್ಟಿತು. ಆ ನಾಲ್ಕರಲ್ಲಿ ಒಂದು ‘ಶೀಸ್ ಲಾಸ್ಟ್ ಕಂಟ್ರೋಲ್’. ತನ್ನ ಕೌಂಟರಿಗೆ ಬರುತ್ತಿದ್ದವಳು ಹೇಗೆ ಸತ್ತಳು ಎಂದು ಬಲ್ಲವನು, ತನಗೂ ಅದೇ ರೋಗ ಎಂದು ಕೇಳಿದ ಎಂಟೇ ದಿನಕ್ಕೆ, ಅವಳ ಹಾಡನ್ನು ಹಾಡಿದ. ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಫಿಟ್ಸ್ ಬಂದು ಕೈಯಿಂದ ಜಾರಿಬಿಟ್ಟರೆ ಎಂಬ ಭಯಕ್ಕೆ ಕೂಸನ್ನು ಎತ್ತಿಕೊಳ್ಳಲು ಅವನು ಹಿಂಜರಿಯುತ್ತಿದ್ದ.

ಅಂದಿನ ಔಷಧಗಳು ಫಿನೋಬಾರ್ಬಿಟೋನ್, ಫಿನಿಟಾಯಿನ್, ಕಾರ್ಬಮಜೆಪಿನ್, ವ್ಯಾಲ್ಪ್ರೊಯೇಟ್. ಒಂದು ಹಿಡಿಯದಿದ್ದರೆ ಇನ್ನೊಂದು, ಅದಕ್ಕೆ ಮತ್ತೊಂದು ಸೇರಿಸಿ ಕೊಡುತ್ತಿದ್ದರು. ತಲೆ ಮಂಕಾಗುವುದು, ಮನಸ್ಸು ಕುಗ್ಗುವುದು ಕೆಲವರಲ್ಲಿ ಈ ಮಾತ್ರೆಗಳ ಜೊತೆಗೇ ಬರುತ್ತದೆ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಕುಡಿತ ಬೇಡ, ಮಿನುಗುವ ದೀಪ ಬೇಡ ಎಂದು ಮೂರ್ಛೆರೋಗಿಗೆ ಹೇಳುತ್ತಾರೆ. ರಾಕ್ ತಂಡದ ಹಾಡುಗಾರನ ದಿನಚರಿಯಲ್ಲಿ ಇದರ ತದ್ವಿರುದ್ಧವೇ ತುಂಬಿರುತ್ತದೆ. ಹಗಲು ಕಚೇರಿ, ಸಂಜೆ ವ್ಯಾನು, ರಾತ್ರಿ ವೇದಿಕೆ, ನಸುಕಿಗೆ ಮನೆ. ಅದೇ ವರ್ಷ ಅವನು ನೌಕರಿ ಬಿಟ್ಟ.

ವೇದಿಕೆಯ ಮೇಲೆ ಅವನಿಗೊಂದು ಕುಣಿತವಿತ್ತು. ಮೊಣಕೈಗಳು ಬಿರುಸಾಗಿ ತಿರುಗುತ್ತವೆ, ಕಣ್ಣು ಎಲ್ಲೋ ನೆಟ್ಟಿರುತ್ತದೆ, ಮೈ ಸೆಟೆದು ಮಿಡುಕುತ್ತದೆ. 1979ರ ಸೆಪ್ಟೆಂಬರ್‌ನಲ್ಲಿ ಬಿಬಿಸಿ ಟೆಲಿವಿಷನ್ನಿನ ‘ಸಮ್‌ಥಿಂಗ್ ಎಲ್ಸ್’ ಕಾರ್ಯಕ್ರಮದಲ್ಲಿ ಇದೇ ಹಾಡಿಗೆ ಅವನು ಹಾಗೆ ಕುಣಿದದ್ದು ಇಂದಿಗೂ ನೋಡಲು ಸಿಗುತ್ತದೆ. ರೋಗ ಗೊತ್ತಾಗುವ ಮೊದಲೂ ಕುಣಿಯುತ್ತಿದ್ದ, ಆಮೇಲೂ ಕುಣಿದ. ದಿನ ಕಳೆದಂತೆ ಕುಣಿತ ಎಲ್ಲಿ ಮುಗಿಯಿತು, ಫಿಟ್ಸ್ ಎಲ್ಲಿ ಶುರುವಾಯಿತು ಎಂದು ತಿಳಿಯುವುದೇ ಕಷ್ಟವಾಯಿತು. 1980ರ ಏಪ್ರಿಲ್ 4ರಂದು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಫಳಫಳ ಮಿನುಗುವ ಸ್ಟ್ರೋಬ್ ದೀಪ ಹಚ್ಚಿದರು. ಅವನು ಹಿಂದಕ್ಕೆ ಹೋಗಿ ಡ್ರಮ್ಸ್ ಮೇಲೆ ಬಿದ್ದ. ಇದೂ ಕಾರ್ಯಕ್ರಮದ ಭಾಗವೇ ಎಂದುಕೊಂಡವರು ಸಭೆಯಲ್ಲಿ ಇದ್ದರು.

ಸಭೆಯ ಆ ತಪ್ಪು ಕಲ್ಪನೆ ನಮ್ಮ ಭಾಗದವರಿಗೆ ಹೊಸದಲ್ಲ. ಜಾತ್ರೆಯಲ್ಲಿ ಹಲಗಿ ಏರಿದಾಗ ಮೈಮೇಲೆ ದೇವರು ಬರುವುದನ್ನು ಕಂಡವರು ನಾವು. ಅದಕ್ಕೊಂದು ಕ್ರಮವಿದೆ. ಬರುವ ಹೊತ್ತು ಗೊತ್ತಿರುತ್ತದೆ, ಹಿಡಿಯುವವರು ಪಕ್ಕದಲ್ಲೇ ಇರುತ್ತಾರೆ, ಮೈದುಂಬಿದವಳು ಮಾತಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಆ ನಂಬಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಅದೇ ಗದ್ದಲದಲ್ಲಿ ಫಿಟ್ಸ್ ಬಂದು ಬಿದ್ದ ಹುಡುಗಿಗೂ ಭಂಡಾರ ಹಚ್ಚಿ ಕೈಮುಗಿದು ನಿಂತರೆ, ಅವಳ ಬಾಯಲ್ಲಿ ಬರುವ ನೊರೆ, ಬಟ್ಟೆ ಒದ್ದೆಯಾದದ್ದು, ಕಚ್ಚಿಕೊಂಡ ನಾಲಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ರೇನ್‌ಬೋ ಥಿಯೇಟರಿನಲ್ಲಿ ಆದದ್ದು ಅದೇ.

ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಕಾಲೇಜಿನ ವಯಸ್ಸಿನ ಹುಡುಗನೊಬ್ಬ ಬಸ್ಸಿಗೆ ಕಾಯುತ್ತಿದ್ದವನು ಒಮ್ಮೆ ಜೋರಾಗಿ ಕೂಗಿ ಕಂಬಕ್ಕೆ ತಾಗಿ ಬಿದ್ದ. ಕೈಕಾಲು ಬಡಿಯತೊಡಗಿದವು. ಕ್ಷಣದಲ್ಲಿ ಸುತ್ತ ಗೋಡೆಯಂತೆ ಜನ. ‘ಜೋಡ್ ಮೂಗಿಗ್ ಹಿಡೀರಿ’ ಎಂದ ಒಬ್ಬರು. ‘ಉಳ್ಳಾಗಡ್ಡಿ ಇದ್ರ ಒಡದು ಕೊಡ್ರಿ’ ಎಂದರು ಇನ್ನೊಬ್ಬರು. ಮೋಟರ್ ಸೈಕಲ್ಲಿನ ಕೀಲಿ ಅವನ ಮುಷ್ಟಿಯೊಳಗೆ ತುರುಕಲು ಒಬ್ಬ ಹೆಣಗುತ್ತಿದ್ದ. ಯಾರೋ ಚಮಚ ತರಲು ಹೋಟೆಲಿಗೆ ಓಡಿದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಎಲ್ಲರೂ ಏನಾದರೂ ಮಾಡಬೇಕೆಂದೇ ಹಾತೊರೆಯುತ್ತಿದ್ದರು. ಅಷ್ಟರಲ್ಲಿ ಬುಟ್ಟಿ ಇಳಿಸಿ ಬಂದ ಒಬ್ಬ ವಯಸ್ಸಾದ ತಾಯಿ, ‘ಗಾಳಿ ಬಿಡ್ರೋ ಯಪ್ಪಾ, ದೂರ ಸರೀರಿ’ ಎಂದು ಗದರಿ, ಸೆರಗು ಮಡಚಿ ಅವನ ತಲೆಯ ಕೆಳಗಿಟ್ಟು, ಮೈ ಬಡಿತ ತಗ್ಗಿದ ಕೂಡಲೇ ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಬಾಯಿಂದ ಜೊಲ್ಲು ಹೊರಗೆ ಹರಿಯಿತು, ಉಸಿರು ಸರಾಗವಾಯಿತು. ‘ನನ್ ಮಗಳಿಗೂ ಅದ’ ಎಂದಷ್ಟೇ ಹೇಳಿದಳು.

ಆ ತಾಯಿ ಮಾಡಿದ್ದು ವೈದ್ಯಶಾಸ್ತ್ರ ಹೇಳುವುದನ್ನೇ. ಬಿದ್ದವರನ್ನು ಅದುಮಿ ಹಿಡಿಯಬಾರದು. ಬಾಯಲ್ಲಿ ಚಮಚ, ಬಟ್ಟೆ, ನೀರು ಏನೂ ಹಾಕಬಾರದು. ಹತ್ತಿರದ ಕಲ್ಲು, ಬೆಂಕಿ, ಚೂಪಾದ ವಸ್ತು ಸರಿಸಬೇಕು, ತಲೆಗೆ ಮೆತ್ತಗಿನದು ಕೊಡಬೇಕು, ಮಗ್ಗುಲಿಗೆ ಮಲಗಿಸಬೇಕು, ಗಡಿಯಾರ ನೋಡಬೇಕು. ಬಹಳಷ್ಟು ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಕೀಲಿಯೋ ಚಪ್ಪಲಿಯೋ ನಿಲ್ಲಿಸಿತು ಎಂದು ತೋರುವುದು ಈ ಕಾರಣಕ್ಕೆ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಇನ್ನೊಂದು ಬಂದರೆ, ಒಂದು ಗಳಿಗೆಯೂ ತಡಮಾಡದೆ ದವಾಖಾನೆಗೆ ಒಯ್ಯಬೇಕು.

‘ನನ್ ಮಗಳಿಗೂ ಅದ’ ಎಂದು ಆ ತಾಯಿ ಬಸ್ ಸ್ಟ್ಯಾಂಡಿನ ಅಪರಿಚಿತರ ಮುಂದೆ ಹೇಳಿದಳು. ತನ್ನ ಊರಿನಲ್ಲಿ ಹೇಳಿರಲಾರಳು. ಕನ್ನಡ, ಮರಾಠಿ, ಉರ್ದು, ಲಂಬಾಣಿ, ಮನೆಯ ಮಾತು ಯಾವುದೇ ಇರಲಿ, ಔರಾದದ ಗಡಿ ಹಳ್ಳಿಗಳಲ್ಲಿ ಈ ರೋಗದ ಮಟ್ಟಿಗೆ ಎಲ್ಲರ ಮೌನ ಒಂದೇ. ಹೆಣ್ಣುಮಗಳಾದರೆ ಮದುವೆ ಮುಗಿಯುವ ತನಕ ಬಚ್ಚಿಡುತ್ತಾರೆ. ಗಂಡನ ಮನೆಗೆ ಹೋದವಳು ಮಾತ್ರೆ ನುಂಗಿದರೆ ಗೊತ್ತಾಗುತ್ತದೆ ಎಂದು ನಿಲ್ಲಿಸಿಬಿಡುತ್ತಾಳೆ. ಒಮ್ಮೆಲೇ ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯದ ಕೆಲಸ, ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು. ಆಮೇಲೆ ತವರಿಗೆ ಕಳಿಸುತ್ತಾರೆ.

ಬಹಳ ವರ್ಷ ಕಾನೂನೂ ಹೀಗೆ ಕಳಿಸುವವರ ಕಡೆಗೇ ಇತ್ತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿ, ಮತ್ತೆಮತ್ತೆ ಹುಚ್ಚು ಅಥವಾ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲ ಎಂದಿತು. ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿತು. ಮೆದುಳಿನ ವಿದ್ಯುತ್ ಸಂಚಾರದಲ್ಲಿ ಕೆಲಕಾಲ ಏರುಪೇರಾಗಿ ಬರುವ ಕಾಯಿಲೆ ಇದು, ಹುಚ್ಚಲ್ಲ, ಅಂಟುವುದೂ ಇಲ್ಲ ಎಂದು ವೈದ್ಯರು, ರೋಗಿಗಳ ಸಂಘದವರು ಎರಡು ದಶಕ ಹೇಳಿದ ಮೇಲೆ 1999ರ ಡಿಸೆಂಬರ್‌ನಲ್ಲಿ ಆ ಮಾತನ್ನು ಕಾಯ್ದೆಯಿಂದ ಕಿತ್ತುಹಾಕಿದರು. ಕಾಯ್ದೆಯಲ್ಲಿ ಹೋದದ್ದು ಕಟ್ಟೆಯ ಮಾತಿನಲ್ಲಿ ಇನ್ನೂ ಹೋಗಿಲ್ಲ.

ಎಷ್ಟು ಮಂದಿಗಿದೆ ಈ ರೋಗ? ಲೋಕದಲ್ಲಿ ಸುಮಾರು 5 ಕೋಟಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕರ್ನಾಟಕದಲ್ಲಿ ಇದನ್ನು ಮನೆಮನೆಗೆ ಹೋಗಿ ಎಣಿಸಿದ್ದಾರೆ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರ ನಡುವೆ ನಡೆಸಿದ ಅಧ್ಯಯನದಲ್ಲಿ ಸಾವಿರಕ್ಕೆ 4.63 ಮಂದಿ ಸಿಕ್ಕರು. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್ ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಬಂತು, ಹಳ್ಳಿಗಳಲ್ಲಿ ನಗರಕ್ಕಿಂತ ಇಮ್ಮಡಿ. 2011ರ ಜನಗಣತಿಯ ಪ್ರಕಾರ ಬೀದರ್ ಜಿಲ್ಲೆಯಲ್ಲಿ 17 ಲಕ್ಷ ಜನ. ಈ ಎರಡು ಲೆಕ್ಕ ನಮ್ಮ ಜಿಲ್ಲೆಗೆ ಹಚ್ಚಿದರೆ ಎಂಟರಿಂದ ಹದಿನೈದು ಸಾವಿರ ಮಂದಿ ಆಗುತ್ತಾರೆ. ಅಂದಾಜೇ ಸರಿ, ಆದರೆ ಪ್ರತಿ ಊರಲ್ಲೂ ಕೆಲವರಿದ್ದಾರೆ ಎಂದು ಅರ್ಥ.

ನಮ್ಮ ರಾಜ್ಯಕ್ಕೇ ಅಂಟಿಕೊಂಡ ಹಾಗಿರುವ ಒಂದು ಬಗೆಯೂ ಇದರಲ್ಲಿದೆ. ಚೊಂಬಿನಿಂದ ತಲೆಗೆ ಬಿಸಿಬಿಸಿ ನೀರು ಬಿರುಸಾಗಿ ಹೊಯ್ದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಹಳೆ ಮೈಸೂರು ಸೀಮೆಯಲ್ಲಿ ಇದು ಎಷ್ಟು ಹೆಚ್ಚೆಂದರೆ, ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ಮಂದಿಯನ್ನು ಪರೀಕ್ಷಿಸಿ 1988ರಲ್ಲಿ ಪ್ರಬಂಧ ಪ್ರಕಟಿಸಿದರು. ಪರಿಹಾರ ಸರಳ: ನೀರು ಉಗುರುಬೆಚ್ಚಗಿರಲಿ, ತಲೆಗೆ ಒಮ್ಮೆಲೇ ಬೇಡ. ಬೇಕೆಂದರೆ ಸ್ನಾನಕ್ಕೆ ಒಂದೂವರೆ ತಾಸು ಮೊದಲು ವೈದ್ಯರು ಬರೆದುಕೊಟ್ಟ ಒಂದು ಮಾತ್ರೆ.

ಯಳಂದೂರಿನಲ್ಲಿ ಅಧ್ಯಯನ ನಡೆಸಿದವರು ಎಣಿಸಿ ಸುಮ್ಮನಾಗಲಿಲ್ಲ, ಚಿಕಿತ್ಸೆಯನ್ನೂ ಕೊಟ್ಟರು. ಫಿನೋಬಾರ್ಬಿಟೋನ್, ಫಿನಿಟಾಯಿನ್ ಎಂಬ ಹಳೆಯ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ರೋಗಿಗಳನ್ನು ಚೆನ್ನಾಗಿ ನೋಡಿಕೊಳ್ಳಬಹುದು ಎಂದು ತೋರಿಸಿದರು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಅದಕ್ಕೂ ಮುಂಚೆ, 1985ರಿಂದ 1990ರವರೆಗೆ, ನಮ್ಮದೇ ಭಾಗದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗ, ಮೂರ್ಛೆರೋಗ ಎರಡಕ್ಕೂ ಅಲ್ಲೇ ಔಷಧ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ ಮಾಡಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಕರ್ಟಿಸ್‌ನ ಕಾಲದ ಆ ನಾಲ್ಕೂ ಮಾತ್ರೆಗಳು ಇಂದು ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಸರಿಯಾಗಿ ಔಷಧ ಸಿಕ್ಕರೆ ನೂರರಲ್ಲಿ ಎಪ್ಪತ್ತು ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಗೊತ್ತಿದ್ದೂ ಒಲೆಯ ಮೇಲೆ ಬಿದ್ದು ಸುಟ್ಟುಕೊಂಡವರು, ನೀರು ಸೇದುವಾಗ ಬಾವಿಗೆ ಬಿದ್ದವರು, ಸೋಯಾ ರಾಶಿ ಮಾಡುವ ಯಂತ್ರಕ್ಕೆ ಕೈ ಕೊಟ್ಟವರು ನಮ್ಮ ನಡುವೆ ಇರುವುದು ನನಗೆ ಸಹಿಸಲಾಗದ ಸಂಗತಿ.

ಕರ್ಟಿಸ್‌ಗೆ ಔಷಧದ ಕೊರತೆ ಇರಲಿಲ್ಲ. ಬಿಡುವಿರಲಿಲ್ಲ, ಮನೆಯಲ್ಲಿ ನೆಮ್ಮದಿ ಇರಲಿಲ್ಲ, ಮನಸ್ಸು ಕುಸಿಯುತ್ತಾ ಹೋಯಿತು. ರೇನ್‌ಬೋ ಥಿಯೇಟರಿನಲ್ಲಿ ಬಿದ್ದ ಮೂರೇ ದಿನಕ್ಕೆ ಸಾಯಲು ಯತ್ನಿಸಿದ, ಉಳಿಸಿಕೊಂಡರು, ಮರುದಿನವೇ ಕಾರ್ಯಕ್ರಮಕ್ಕೆ ಕರೆದೊಯ್ದರು. 1980ರ ಮೇ 18ರಂದು, ತಂಡ ಅಮೆರಿಕಕ್ಕೆ ಹೊರಡುವ ಹಿಂದಿನ ದಿನ, ಮ್ಯಾಕಲ್ಸ್‌ಫೀಲ್ಡಿನ ಮನೆಯಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಅವನಿಗಿನ್ನೂ ಇಪ್ಪತ್ತಮೂರು ವರ್ಷ. ಮೂರ್ಛೆರೋಗದ ಜೊತೆ ಖಿನ್ನತೆ ಸೇರುವುದು ಅಪರೂಪವಲ್ಲ, ರೋಗಿಯ ಮನಸ್ಸನ್ನೂ ವಿಚಾರಿಸಬೇಕು ಎಂಬುದನ್ನು ವೈದ್ಯರು ಈಗ ಒತ್ತಿ ಹೇಳುತ್ತಾರೆ. ನಮ್ಮಲ್ಲಿ ಅಂಥ ಹೊತ್ತಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿದರು. ಕರ್ಟಿಸ್ ಬರೆದ ಸಾಲುಗಳನ್ನು ಆಗ ತಾವು ಗಮನವಿಟ್ಟು ಕೇಳಿರಲೇ ಇಲ್ಲ, ಯಾರದೋ ಕತೆ ಬರೆಯುತ್ತಿದ್ದಾನೆ ಎಂದುಕೊಂಡಿದ್ದೆವು ಎಂದು ಅವರು ನಂತರದ ಸಂದರ್ಶನಗಳಲ್ಲಿ ಮತ್ತೆಮತ್ತೆ ಹೇಳಿದ್ದಾರೆ. ಅವರನ್ನು ದೂರುವಂತಿಲ್ಲ, ಎಲ್ಲರೂ ಇಪ್ಪತ್ತರ ಆಚೀಚಿನ ಹುಡುಗರು. ಈ ಹಾಡು ನಿಜಕ್ಕೂ ಬೇರೆಯವಳ ಕತೆಯಾಗಿಯೇ ಶುರುವಾಗಿತ್ತು. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಕರ್ಟಿಸ್ ಸಾಯುವ ಮುನ್ನ ತಂಡ ಇದನ್ನು ಇನ್ನೊಮ್ಮೆ, ಉದ್ದವಾಗಿ ಮುದ್ರಿಸಿತ್ತು. ಆ ಧ್ವನಿಮುದ್ರಿಕೆ ಅವನು ಹೋದ ಮೇಲೆ, 1980ರಲ್ಲೇ, ಹೊರಬಂತು. ಅದರಲ್ಲಿ ಮೊದಲಿನದರಲ್ಲಿ ಇಲ್ಲದ ಒಂದು ನುಡಿ ಕೊನೆಗೆ ಸೇರಿದೆ. ಅಲ್ಲಿಯವರೆಗೆ ಅವಳ ಬಗ್ಗೆ ಹೇಳುತ್ತಾ ಬಂದ ದನಿ ಆ ನುಡಿಯಲ್ಲಿ ತನ್ನ ಬಗ್ಗೆ ಮಾತಾಡುತ್ತದೆ, ತಾನು ಕುಸಿದು ಅತ್ತದ್ದನ್ನು ಹೇಳುತ್ತದೆ. ಕೇಳುವುದಾದರೆ 1979ರ ಆಲ್ಬಮ್ಮಿನದನ್ನು ಮೊದಲು ಕೇಳಿ, 1980ರದನ್ನು ಆಮೇಲೆ.